ಟರ್ಬೊ ಜೊತೆಗೆ ಬಂದವನು

ಮೆಲ್ಲಗೆ ಹೇಳ್ತೀನಿ, ಒಳಗೆ ಮಕ್ಕಳು ಮಲಗಿವೆ. ಇದು ಅವರಿವರು ಕಟ್ಟಿದ ಕತೆಯಲ್ಲ. ನನ್ನ ದೊಡ್ಡಪ್ಪನ ಮಗ ಅಮರೇಶಣ್ಣನಿಗೆ ಆದದ್ದು. ತೊಂಬತ್ತೊಂಬತ್ತನೇ ಇಸವಿ, ಕಾರ್ತಿಕ ಮಾಸ.

ಮೈಸೂರಿನ ದಟ್ಟಗಳ್ಳಿಯಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹೊಲವೆಲ್ಲ ಸೈಟಾದರೂ ಹೊಲದ ಬಾವಿ ಮಾತ್ರ ಹಾಗೇ ಉಳಿದಿತ್ತು. ಅಣ್ಣನ ಲಾರಿಗೆ ನಾನೇ ಕ್ಲೀನರು; ಅದನ್ನು ನಿಲ್ಲಿಸುತ್ತಿದ್ದದ್ದು ಆ ಬಾವಿ ಪಕ್ಕ. ಅಲ್ಲಿಂದ ಮನೆಗೆ ಐದು ನಿಮಿಷದ ನಡಿಗೆ. ಬೀದಿ ದೀಪ ಇಲ್ಲ.

ಆ ರಾತ್ರಿ ಊಟಿಯಿಂದ ತಂದ ಕ್ಯಾರೆಟ್ಟನ್ನು ಮಾರ್ಕೆಟ್ಟಿಗೆ ಇಳಿಸಿ, ಬಾವಿ ಹತ್ತಿರ ಗಾಡಿ ಹಾಕಿ, ನಡೆದು ಬಂದ. ಗಂಟೆ ಒಂದು ದಾಟಿತ್ತು. ನಾನು ಅವನ ಮನೆ ಮುಂದೆ ಮೆಟ್ಟಿಲ ಮೇಲೆ ಬೀಡಿ ಸೇದುತ್ತಾ ಕೂತಿದ್ದೆ. ನನ್ನನ್ನು ಕಂಡವನೇ ನಿಂತುಬಿಟ್ಟ.

"ನೀನ್ಯಾವಾಗ್ ಇಳ್ದೆ?"

"ಎಲ್ಲಿಂದ?"

"ಗಾಡಿಯಿಂದ ಕಣೋ."

"ಗುಂಡ್ಲುಪೇಟೆಲೇ ಇಳ್ದೆ. ನೀನು ಟೀ ಕುಡೀತಿದ್ದೆ. ಮೈಸೂರು ಬಸ್ಸು ನಿಂತಿತ್ತು, ಹತ್ಕೊಂಡ್ಬುಟ್ಟೆ."

ಹೇಳದೆ ಕೇಳದೆ ಇಳಿದು ಹೋಗುವುದು ನನ್ನ ಹಳೇ ಚಾಳಿ. ಅಣ್ಣ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ತಮಾಸೆ ಬೇಡ," ಅಂದ. ದನಿ ಇಳಿದಿತ್ತು. "ಸೀಟಿನ ಹಿಂದೆ ನೀನು ಕಂಬಳಿ ಹೊದ್ಕೊಂಡು ಮಲ್ಗಿದ್ದೆ. ನಂಜನಗೂಡಲ್ಲಿ 'ಊರು ಬಂತಾ' ಅಂತ ಕೇಳ್ದೆ..."

"ನೀನೇನಂದೆ?"

"ಇಲ್ಲ, ಮಲಕ್ಕೊ ಅಂದೆ."

ಆಗ ಕೇಳಿಸಿತು... ಬಾವಿ ಕಡೆಯಿಂದ. ಸುಯ್ಯ್... ಕುಕ್ಕರು ಕೂಗುವ ಮೊದಲು ಸಣ್ಣಗೆ ಉಸಿರು ಬಿಡುತ್ತದಲ್ಲ, ಹಾಗೆ. ಬರಬರುತ್ತಾ ಏರಿತು. ಟರ್ಬೊ ಶಬ್ದ. ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಚಕ್ರ ಅದು. ಇಂಜಿನ್ ಓಡದೆ ಅದು ತಿರುಗುವುದಿಲ್ಲ. ಇಂಜಿನ್ ಸದ್ದು ಇರಲಿಲ್ಲ. ಬೀಗದ ಕೈ ಅಣ್ಣನ ಬೆರಳಿನಲ್ಲಿ ನೇತಾಡುತ್ತಿತ್ತು.

ಆ ಕ್ಷಣಕ್ಕೇ ನನಗೆ ಗೊತ್ತಾಯಿತು, ಅದು ಯಾರು, ಯಾಕೆ ಇಳಿದಿಲ್ಲ ಅಂತ. ಗೊತ್ತಾದರೂ ಬಾಯಿ ಬಿಡಲಿಲ್ಲ.

ಆದದ್ದು ಇಷ್ಟು. ಅಣ್ಣನ ಲಾರಿಗೆ ಟರ್ಬೊ ಇತ್ತು, ಆದರೆ ಚಿಕ್ಕದು. ಅಕ್ಕಿ ಮೂಟೆ ಹೇರಿಕೊಂಡು ಗೂಡಲೂರು ಘಾಟಿ ಹತ್ತುವಾಗ ಏದುಸಿರು ಬಿಡುತ್ತಿತ್ತು. ಉಳಿದ ಡ್ರೈವರುಗಳು ಅದಕ್ಕೆ 'ಬಾಣಂತಿ' ಅಂತ ಹೆಸರಿಟ್ಟು, ದಾಟಿಕೊಂಡು ಹೋಗುವಾಗ ಹಾರನ್ ಹೊಡೆದು ಲಾಲಿ ಹಾಡುತ್ತಿದ್ದರು. ಅಣ್ಣ ಮಾನಿ ಮನುಷ್ಯ, ತಡೆದುಕೊಳ್ಳಲಿಲ್ಲ. ಮೇಟಗಳ್ಳಿಯ ಗುಜರಿಯಲ್ಲಿ ಅಪಘಾತವಾದ ಲಾರಿಯೊಂದರ ದೊಡ್ಡ ಟರ್ಬೊ ಸಿಕ್ಕಿತು. ಅತ್ತಿಗೆ ಶಿಲ್ಪಶ್ರೀ ನಗುತ್ತಿದ್ದಳು, "ನಂಗೂ ಒಂದು ಹಾಕ್ಸಿ, ಅಡುಗೆ ಬೇಗ ಆಯ್ತದೆ."

ಹಾಕಿದವನು ಸಣ್ಣಮಾದಯ್ಯ ಮೇಸ್ತ್ರಿ. ಮೇಟಗಳ್ಳಿಯಲ್ಲಿ ತಗಡಿನ ಶೆಡ್ಡು, ಕೈಯೆಲ್ಲ ಗ್ರೀಸು, ಹಣೆಯಲ್ಲಿ ವಿಭೂತಿ. ಅವನು ಮೊದಲೇ ಹೇಳಿದ:

"ಟರ್ಬೊ ಒಂದ್ನೇ ಹಾಕುದ್ರೆ ಆಗಕ್ಕಿಲ್ಲ ಕಣಪ್ಪ. ಡೀಸೆಲ್ ಪಂಪು ಹೊಂದಿಸ್ಬೇಕು, ರೇಡಿಯೇಟರ್ ದೊಡ್ದಾಗ್ಬೇಕು, ಕ್ಲಚ್ ಪ್ಲೇಟು ಗಟ್ಟಿದಾಗ್ಬೇಕು. ಎಲ್ಲಕ್ಕಿಂತ ಮುಂಚೆ ಬ್ರೇಕು. ಕುದುರೆ ಬದಲಾಯಿಸಿ ಲಗಾಮು ಹಳೇದೇ ಇಟ್ಕಂಡ್ರೆ?"

"ಎಲ್ಲಾ ಮಾಡಿ ಮೇಸ್ತ್ರಿ. ಬ್ರೇಕು ಮಾತ್ರ ಮುಂದಿನ ಸೋಮವಾರ. ಅಷ್ಟರಲ್ಲಿ ಎರಡು ಟ್ರಿಪ್ಪು ಹೊಡ್ಕೊಂಡು ಬತ್ತೀನಿ."

ಈಗ ನನ್ನ ವಿಷಯ. ಆ ಶೆಡ್ಡುಗಳಲ್ಲಿ ಒಂದು ಪದ್ಧತಿ ಇತ್ತು. ಡ್ರೈವರ್ ಸತ್ತ ಗಾಡಿಯ ಸಾಮಾನನ್ನು ಸುಮ್ಮನೆ ಹಾಕುವ ಹಾಗಿಲ್ಲ. ಕರ್ಪೂರ ಹಚ್ಚಿ, ಡ್ರೈವರ್ ಕಡೆ ಬಾಗಿಲು ತೆಗೆದಿಟ್ಟು, ಸತ್ತವನ ಹೆಸರು ಹಿಡಿದು ಮೂರು ಸಲ ಕರೆಯಬೇಕು. "ಊರು ಬಂತು, ಇಳಿ." ಯಾರೋ ಇಳಿದ ಹಾಗೆ, ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ ಒಂದು ಸಲ ಕಿರ್ರ್ ಅನ್ನುತ್ತದೆ. ಆಮೇಲೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವುದು.

ಹೆಸರು ಕೇಳಿಕೊಂಡು ಬಾ ಅಂತ ಮೇಸ್ತ್ರಿ ನನ್ನನ್ನು ಗುಜರಿಗೆ ಕಳಿಸಿದ. ಗುಜರಿಯವನು ಊಟಕ್ಕೆ ಹೋಗಿದ್ದ. ಬಿಸಿಲು. ಕಾಯುವವನೇ ನಾನು? ದೋಸೆ ತಿಂದೆ, ಹೋಟೆಲಿನ ರೇಡಿಯೊದಲ್ಲಿ ಹಾಡು ಕೇಳಿದೆ, ವಾಪಸು ಬಂದು ಒಂದು ಹೆಸರು ಹೇಳಿದೆ. ಪುಟ್ಟಮಾದಯ್ಯ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಹೆಸರು ಅದು. ನಾನು ಸ್ಕೂಲು ಬಿಟ್ಟದ್ದೂ ಅದೇ ಕ್ಲಾಸಿಗೆ.

ಮೇಸ್ತ್ರಿ ಕೈಮುಗಿದು ಮೂರು ಸಲ ಕರೆದ. "ಪುಟ್ಟಮಾದಯ್ಯಾ... ಊರು ಬಂತು ಕಣಪ್ಪ, ಇಳಿ."

ಪಟ್ಟಿ ಅಲುಗಲಿಲ್ಲ. ಕರ್ಪೂರ ಪೂರ್ತಿ ಉರಿದು ಆರಿತು.

"ಹೆಸ್ರು ಸರಿಯಾಗಿ ಕೇಳ್ದೇನ್ಲಾ?"

"ಹೂಂ," ಅಂದೆ.

ಒಂದು ಹೂಂ. ಅಷ್ಟೇ ನಾನು ಮಾಡಿದ್ದು.

ಬಾವಿ ಕಡೆಯಿಂದ ಟರ್ಬೊ ಕೂಗಿದ ಆ ರಾತ್ರಿ ಕಳೆದು ಬೆಳಿಗ್ಗೆ ಮೇಸ್ತ್ರಿ ಮುಂದೆ ಎಲ್ಲ ಒಪ್ಪಿಕೊಂಡೆ. ಹೊಡೆಯುತ್ತಾನೆ ಅಂತ ಕೆನ್ನೆ ಕೊಟ್ಟು ನಿಂತೆ. ಅವನು ಹೊಡೆಯಲಿಲ್ಲ. ಕೈ ಒರೆಸಿಕೊಂಡು, "ನಡಿ," ಅಂದ.

ಗುಜರಿಯವನಿಗೆ ಹೆಸರು ಗೊತ್ತಿರಲಿಲ್ಲ. ಯಾವುದೋ ಹರಾಜಿನಲ್ಲಿ ಹಿಡಿದ ಗಾಡಿ, ಹೊರ ರಾಜ್ಯದ್ದು. ಕ್ಯಾಬಿನ್ ಆಗಲೇ ತುಂಡು ತುಂಡಾಗಿ ಕುಲುಮೆಗೆ ಹೋಗಿತ್ತು. ನಂಬರ್ ಪ್ಲೇಟೂ ಇಲ್ಲ.

"ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ವಂತೆ, ಅಷ್ಟೇ ಗೊತ್ತು," ಅಂದ. "ಅವನೂ ಇಂಜಿನ್ ಜೋರು ಮಾಡಿಸಿದ್ನಂತೆ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಸಂಜೆ ಬಾವಿ ಹತ್ತಿರ ಹೋದೆವು. ಅಕ್ಕಿ ಹೇರಿ ಗಾಡಿ ಸಿದ್ಧವಾಗಿತ್ತು. ಮೇಸ್ತ್ರಿ ಕರ್ಪೂರ ಹಚ್ಚಿ ತನಗೆ ಬಂದ ಹೆಸರನ್ನೆಲ್ಲ ಕರೆದ. ನಮ್ಮ ಕಡೆಯ ಹೆಸರು, ತಮಿಳರ ಹೆಸರು, ಮಲಯಾಳದವರ ಹೆಸರು, ಸಾಬರ ಹೆಸರು, ಸರ್ದಾರ್ಜಿಗಳ ಹೆಸರು... ಒಂದೊಂದನ್ನೂ ಮೂರು ಮೂರು ಸಲ. ಕೂಗಿ ಕೂಗಿ ಅವನ ದನಿ ಹೋಯಿತು. ನಾನು ಮುಂದುವರಿಸಿದೆ. ಅವನು ಬಾಗಿಲ ಹತ್ತಿರ ಕಿವಿ ಇಟ್ಟುಕೊಂಡು ನಿಂತ. ಕತ್ತಲಾಯಿತು. ಪಟ್ಟಿ ಒಮ್ಮೆಯೂ ಕಿರ್ರ್ ಅನ್ನಲಿಲ್ಲ. ಬಾವಿಯೊಳಗೆ ನೀರು ಮಾತ್ರ ತೊಟ್... ತೊಟ್... ಅಂತಿತ್ತು.

ಅಣ್ಣ ನಡೆದು ಬಂದ. ವಿಷಯ ಹೇಳಿದೆವು. ಅವನು ಹೆದರಲಿಲ್ಲ ಅಂತ ಹೇಳಲಾರೆ. ಹೆದರಿದ್ದ. ಆದರೆ ಮೊದಲ ಟ್ರಿಪ್ಪಿನಲ್ಲಿ ಘಾಟಿ ಹತ್ತುವಾಗ ಆರು ಲಾರಿ ದಾಟಿದ್ದ. ಲಾಲಿ ಹಾಡುತ್ತಿದ್ದವರೆಲ್ಲ ಹಿಂದೆ. ಆ ರುಚಿ ಹತ್ತಿಬಿಟ್ಟಿತ್ತು.

"ಅಕ್ಕಿ ಮಳೆಗೆ ಸಿಕ್ಕುದ್ರೆ ಕಷ್ಟ. ಒಂದೇ ಟ್ರಿಪ್ಪು ಕಣೋ. ಸೋಮವಾರ ಬ್ರೇಕೂ ಮಾಡುಸ್ತೀನಿ, ಟರ್ಬೊನೂ ಬಿಚ್ಚಾಕ್ಸ್ತೀನಿ."

"ಬೇಡಣ್ಣ..." ಬಾಗಿಲ ಹಿಡಿಕೆ ಹಿಡಿದುಕೊಂಡೆ.

"ಹಂಗಾದ್ರೆ ಬಾ, ನೀನೂ ಹತ್ಕೊ. ಇಬ್ರಿದ್ರೆ ಧೈರ್ಯ."

ನಾನು ಹತ್ತಲಿಲ್ಲ. ಹಿಡಿಕೆ ಬಿಟ್ಟೆ.

ಪುಸ್ ಅಂತ ಗಾಳಿ ಬ್ರೇಕು ಬಿಟ್ಟಿತು. ಸುಯ್ಯ್ ಅನ್ನುತ್ತಾ ಗಾಡಿ ಹೊರಟಿತು. ಮೇಸ್ತ್ರಿ ದಾರಿಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಭಾನುವಾರ ಮಧ್ಯಾಹ್ನ ಸುದ್ದಿ ಬಂತು. ಕ್ಯಾರೆಟ್ ಹೇರಿಕೊಂಡು ಘಾಟಿ ಇಳಿಯುವಾಗ. ಬ್ರೇಕು ಹಿಡಿಯಲಿಲ್ಲ. ಹಿಂದೆ ಬರುತ್ತಿದ್ದ ಡ್ರೈವರೊಬ್ಬ ಅಣ್ಣನನ್ನು ಮಣ್ಣು ಮಾಡುವಾಗ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, "ಜೊತೇಲಿದ್ನಲ್ಲ ಕಂಬಳಿ ಹೊದ್ಕೊಂಡು, ಅವ್ನು ಉಳ್ಕೊಂಡ್ನಾ?"



ಪೊಲೀಸರು ಬಿಟ್ಟ ಮೇಲೆ ಗಾಡಿ ಬಂದದ್ದು ಮತ್ತೆ ಮೇಟಗಳ್ಳಿಯ ಅದೇ ಗುಜರಿಗೆ. ಹದಿನೆಂಟನೇ ದಿನ. ಕತ್ತಲಾದ ಮೇಲೆ ನಾನೊಬ್ಬನೇ ಹೋದೆ. ಮುಂಭಾಗ ಜಜ್ಜಿಹೋಗಿತ್ತು. ಡ್ರೈವರ್ ಕಡೆ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಬಿಚ್ಚಿದೆ. ಕರ್ಪೂರ ಹಚ್ಚಿದೆ.

ಹುಟ್ಟಿದಾಗಿನಿಂದ ಅಣ್ಣ ಅಂತಲೇ ಕರೆದವನು. ಅವತ್ತು ಮೊದಲ ಸಲ ಹೆಸರು ಹಿಡಿದೆ.

"ಅಮರೇಶಾ... ಊರು ಬಂತು, ಇಳಿ."

ಮೂರನೇ ಸಲಕ್ಕೆ... ಕಿರ್ರ್... ಪಟ್ಟಿ ಒಂದು ಬೆರಳಷ್ಟು ಮೇಲೆದ್ದಿತು. ಮುಖಕ್ಕೆ ಡೀಸೆಲ್ಲು, ವಿಭೂತಿ, ಅಣ್ಣನ ಬೆವರಿನ ವಾಸನೆ ಬಡಿದು ದಾಟಿಹೋಯಿತು. ಅತ್ತೆ. ಕೂತು ಅತ್ತೆ. ಇಳಿದನಲ್ಲ, ಇಷ್ಟಾದರೂ ಆಯಿತಲ್ಲ ಅಂತ.

ಎದ್ದು ಬಾಗಿಲು ತಳ್ಳುವಾಗ ಸೀಟಿನ ಹಿಂದಿನಿಂದ, ನಿದ್ದೆಗಣ್ಣಿನಲ್ಲಿ ಕೇಳಿದ ಹಾಗೆ...

"ಊರು ಬಂತಾ?"

ಓಡಬೇಕಿತ್ತು. ಓಡಲಿಲ್ಲ. ಅವನ ಹೆಸರು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಇಲ್ಲಣ್ಣ," ಅಂದೆ. "ಮಲಕ್ಕೊ."

ಬಾಗಿಲು ಮೆತ್ತಗೆ ಹಾಕಿ ಹಗ್ಗ ಕಟ್ಟಿದೆ.

ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ, ಆ ಟರ್ಬೊವನ್ನು ನಾವೇ ತಂದು ಬಾವಿಗೆ ಹಾಕಿಬಿಡೋಣ ಅಂತ. ತಡವಾಗಿತ್ತು. ಯಾರೋ ಬೆಳಗಿನ ಜಾವವೇ ಬಂದು ಬಿಚ್ಚಿಕೊಂಡು ಹೋಗಿದ್ದರು. ಯಾವ ಊರಿನವರೋ ಗುಜರಿಯವನು ಕೇಳಿರಲಿಲ್ಲ.

ನೀವು ನಂಬಿ, ಬಿಡಿ. ಸಣ್ಣಮಾದಯ್ಯ ಇನ್ನೂ ಇದ್ದಾನೆ, ಅದೇ ಶೆಡ್ಡಿನಲ್ಲಿ, ಹೋಗಿ ಕೇಳಿ. ಹದಿನೆಂಟು ದಿನದಿಂದ ಇಂಜಿನ್ ಓಡಿರಲಿಲ್ಲ, ರಾತ್ರಿಯೆಲ್ಲ ಇಬ್ಬನಿ ಸುರಿದಿತ್ತು. ಟರ್ಬೊ ಇದ್ದ ಜಾಗದ ಕೆಳಗೆ, ನೆನೆದ ಮಣ್ಣಿನ ಮೇಲೆ ನಾಲ್ಕು ನಟ್ಟು ಬಿದ್ದಿದ್ದವು. ಮೇಸ್ತ್ರಿ ಒಂದನ್ನು ಎತ್ತಿಕೊಂಡವನು ತಕ್ಷಣ ಕೆಳಗೆ ಹಾಕಿದ.

ಬಿಸಿ ಇತ್ತು.