ಲೆಕ್ಕಕ್ಕೆ ಮೂರು ಟೆಂಡರು

ಗೊರಗುಂಟೆಪಾಳ್ಯದಲ್ಲಿ ಬಸ್ಸು ಹತ್ತಿದ ಇಬ್ಬರು ಗೆಳೆಯರು ನನ್ನ ಮುಂದಿನ ಸೀಟಿನಲ್ಲೇ ಕೂತರು. ತೊಡೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗು ಇಟ್ಟುಕೊಂಡವನ ಮುಖ ಸಪ್ಪಗಿತ್ತು. ಇನ್ನೊಬ್ಬ ಮಾತು ತೆಗೆದ.

"ಏನ್ ಅನಂತು, ಸರ್ಕಾರಿ ಆಫೀಸಿಗೆ ಹಾಜರಿ ಮೆಷಿನ್ ಕೊಡೋ ಆರ್ಡರ್ ಏನಾಯ್ತು?"

"ಬಂತು. ನಂಗಲ್ಲ, ನನ್ ಹೆಂಡ್ತಿಗೆ."

"ನಯನಾ ಅವ್ರಿಗಾ? ಅವ್ರು ಯಾವಾಗಿಂದ ಮೆಷಿನ್ ಮಾರ್ತಾರೆ?"

"ಎಲ್ಲಿ ಮಾರ್ತಾಳೆ? ಮೂರು ಕಂಪನಿ ಆದ್ರೂ ಬರ್ಲಿಲ್ಲ ಅಂದ್ರೆ ಟೆಂಡರ್ ಕ್ಯಾನ್ಸಲ್ ಮಾಡ್ತಾರೆ ಕಣೋ. ಅದಕ್ಕೇ ನನ್ ಹೆಸರಲ್ಲೊಂದು, ಬಾಮೈದನ ಹೆಸರಲ್ಲೊಂದು, ಅವಳ ಹೆಸರಲ್ಲೊಂದು ನಾನೇ ಹಾಕ್ದೆ."

"ಎಲ್ರೂ ಮಾಡೋದೇ ಬಿಡು. ಕಮ್ಮಿ ರೇಟು ನಿಂದೇ ತಾನೆ ಇರ್ಬೇಕಿತ್ತು?"

"ಅಪ್‌ಲೋಡ್ ಮಾಡುವಾಗ ನಂದೂ ಅವಳದ್ದೂ ಅದಲು ಬದಲಾಗೋಯ್ತು."

ಗೆಳೆಯ ನಕ್ಕ ರಭಸಕ್ಕೆ ಕಂಡಕ್ಟರ್ ಕೂಡ ತಿರುಗಿ ನೋಡಿದ.

"ಇರ್ಲಿ ಬಿಡು ಗುರು, ಯಾರಿಗೆ ಬಂದ್ರೇನು? ನಿನ್ ಮೆಷಿನ್ನನ್ನೇ ಅವ್ರ ಹೆಸರಲ್ಲಿ ಕೊಟ್ರಾಯ್ತು."

"ನಾನೂ ಅದೇ ಅಂದೆ. 'ನಿಮ್ ಡಬ್ಬಾ ಮೆಷಿನ್ ಕೊಟ್ಟು ನನ್ ಹೆಸರು ಕೆಡಿಸ್ಕೊಳಲ್ಲ, ಕೊಟೇಶನ್ ಕೊಡಿ, ನೋಡೋಣ' ಅಂತಾಳೆ! ಇನ್ನೂ ಎರಡು ಕಂಪನಿಯವ್ರ ಹತ್ರ ಕೇಳಿದಾಳಂತೆ."

"ಕೇಳ್ಲಿ ಬಿಡೋ. ಆ ಎರಡೂ ನಿನ್ ಕಡೆಯವೇ ಅಲ್ವಾ?"

"ಅದೇ ಮಗಾ ತಲೆನೋವು. ನಿಜವಾಗ್ಲೂ ಬೇರೆಯವ್ರು!"

ಕೆಂಪಾಪುರ ಬಂತು. ಇಬ್ಬರೂ ಇಳಿದರು. ಒಬ್ಬ ಮಾತ್ರ ಇನ್ನೂ ನಗುತ್ತಿದ್ದ.