ಅರ್ಧಕ್ಕೆ ನಿಂತ ಆಕ್ಷೇಪಣೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ವಿವಾಹ ನೋಂದಣಾಧಿಕಾರಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ತಮ್ಮದೇ ಬೀಳ್ಕೊಡುಗೆಯಲ್ಲೂ ಎದುರಿನ ಹೂದಾನಿಯನ್ನು ಮೂರು ಸಲ ಸರಿಪಡಿಸಿ ಇಟ್ಟ ನಮ್ಮ ಹೆಡ್ ಕ್ಲರ್ಕ್ ಅವರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತವರೂ ಸೇರಿದಂತೆ ಎಲ್ಲ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ವಕೀಲೆಯೊಬ್ಬಳು ಐದು ನಿಮಿಷಕ್ಕೆ ಮುಗಿಸುತ್ತಾಳೆಂದು ನಂಬಿದವರ ಧೈರ್ಯವನ್ನು ಮೆಚ್ಚಬೇಕು.

ಬುಧವಾರಗಳಂದು ಈ ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು, ಉಯಿಲು, ನಾಮಿನಿ, ಆಸ್ಪತ್ರೆಯ ಒಪ್ಪಿಗೆ ಪತ್ರ ಎಂದು ಹಿರಿಯರಿಗೆ ತಿಳಿಸಿಕೊಡುವವಳಾಗಿ ನೀವು ನನ್ನನ್ನು ಬಲ್ಲಿರಿ. ಆದರೆ ನಾನು ಇಲ್ಲಿಗೆ ಮೊದಲು ಬಂದದ್ದು ಯಾರಿಗೂ ನೆರವಾಗಲು ಅಲ್ಲ. ಒಂದು ಮದುವೆಯನ್ನು ನಿಲ್ಲಿಸಲು. ಅದು ನನ್ನ ತಾಯಿಯ ಮದುವೆ.

ಆಗ ಅಮ್ಮನಿಗೆ ಅರವತ್ತೇಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ವರನಿಗೆ ಎಪ್ಪತ್ತೊಂದು, ನಮ್ಮ ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು. ಅವರನ್ನು ನಾನು ಇಂದಿಗೂ ‘ಗಡಿಯಾರದವರು’ ಎಂದೇ ಕರೆಯುತ್ತೇನೆ. ಬೇರೆ ಹೆಸರು ನಾಲಿಗೆಗೆ ಬರುವುದಿಲ್ಲ, ಅವರು ಬೇಸರಿಸಿಕೊಂಡೂ ಇಲ್ಲ.

‘ಸ್ನೇಹಿತರಾಗೇ ಇರಿ ಅಮ್ಮ, ಯಾರು ಬೇಡ ಅಂದ್ರು? ಈ ವಯಸ್ಸಿಗೆ ಕಾಗದ ಯಾಕೆ?’ ಎಂದು ಕೇಳಿದ್ದೆ.

‘ಈ ವಯಸ್ಸಿಗೇ ಕಣೇ ಕಾಗದ ಬೇಕಾಗೋದು’ ಅಂದಳು ಅಮ್ಮ. ‘ಅವರು ಅಂಗಡೀಲಿ ಬಿದ್ದಾಗ ಆಸ್ಪತ್ರೆಗೆ ಕರ್ಕೊಂಡು ಹೋದವಳು ನಾನು. ನೀವು ಅವರಿಗೆ ಏನಾಗಬೇಕು ಅಂದ್ರು. ಸ್ನೇಹಿತೆ ಅಂದೆ. ಹೊರಗೆ ಕೂತ್ಕೊಳ್ಳಿ ಅಂದ್ರು. ಅವರ ತಮ್ಮ ಬಂದು ಸಹಿ ಹಾಕೋವರೆಗೂ ಆರು ಗಂಟೆ ಕೂತಿದ್ದೆ. ಇನ್ನೊಂದು ಸಲ ನಾನು ಹೊರಗೆ ಕೂರಲ್ಲ.’

ಇಂಥ ಮಾತಿನ ಮುಂದೆ ಯಾವ ಮಗಳಾದರೂ ತಲೆಬಾಗಬೇಕಿತ್ತು. ನಾನು ಬಾಗಲಿಲ್ಲ. ಯಾಕೆ? ಮನೆ ಕೈತಪ್ಪುತ್ತದೆಂದೇ? ಅಪ್ಪನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆಂದೇ? ಎರಡೂ ಇರಬಹುದು. ನನ್ನನ್ನು ಕೇಳದೆ ಅಮ್ಮ ಸಂತೋಷವಾಗಿದ್ದಾಳಲ್ಲ ಎಂಬ ಹೊಟ್ಟೆಕಿಚ್ಚೂ ಇದ್ದಿರಬಹುದು. ಖಚಿತವಾಗಿ ಹೇಳಲಾರೆ.

ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಲೆಂದು ಮದುವೆಯ ನೋಟೀಸನ್ನು ಇಲ್ಲಿ ಮೂವತ್ತು ದಿನ ಹಲಗೆಗೆ ಹಚ್ಚುತ್ತಾರೆ. ಅದನ್ನು ಕೇಳಿ ಅಮ್ಮ, ‘ಮೂವತ್ತು ದಿನ ನಾವಿಬ್ಬರೂ ಇರ್ತೀವಿ ಅಂತ ನೀವು ಬರೆದುಕೊಡ್ತೀರಾ?’ ಎಂದಿದ್ದಳಂತೆ. ಹೆಡ್ ಕ್ಲರ್ಕ್ ತಲೆ ಎತ್ತದೆ, ‘ಅದಕ್ಕೆ ಬೇರೆ ಕಚೇರಿ ಇದೆಯಮ್ಮ’ ಎಂದಿದ್ದರಂತೆ.

ಹನ್ನೊಂದನೆಯ ದಿನ ನಾನು ಬಂದೆ. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪಾದ ಎರಡು ಪುಟದ ಆಕ್ಷೇಪಣೆ. ಮಗಳಿಗೆ ಇಷ್ಟವಿಲ್ಲ ಎಂಬುದನ್ನು ಕಾನೂನು ಕಾರಣವೆಂದು ಒಪ್ಪುವುದಿಲ್ಲ. ಅದಕ್ಕೇ, ಅಮ್ಮ ಎರಡು ಸಲ ಕನ್ನಡಕ ಕಳೆದುಕೊಂಡದ್ದನ್ನೂ ಒಮ್ಮೆ ಒಲೆ ಆರಿಸಲು ಮರೆತದ್ದನ್ನೂ ಪೋಣಿಸಿ, ಅವಳ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಅದು ಬಹಳ ಸಭ್ಯವಾಗಿ ಕಾಣುತ್ತಿತ್ತು.

ಹೆಡ್ ಕ್ಲರ್ಕ್ ಅದನ್ನು ಪೂರ್ತಿ ಓದಿದರು. ಆಮೇಲೆ ತಮ್ಮ ಪದ್ಧತಿ ಹೇಳಿದರು. ನೀವೆಲ್ಲ ಬಲ್ಲ ಪದ್ಧತಿ ಅದು: ‘ಆಕ್ಷೇಪಣೆ ನಮ್ಮ ಭಾಷೇಲಿ ಇರಬೇಕು, ಸಲ್ಲಿಸೋರ ಬಾಯಿಂದಲೇ ಬರಬೇಕು. ಬರೆಯೋಕೆ ಬರದಿದ್ರೆ ನೀವು ಹೇಳಿ, ನಾನು ಬರ್ಕೊತೀನಿ.’

ಶಾಲೆಯಲ್ಲಿ ಕನ್ನಡವನ್ನು ಎರಡನೇ ಭಾಷೆಯಾಗಿ ಓದಿ ಹೇಗೋ ಪಾಸಾದವಳು ನಾನು. ‘ನೀವೇ ಬರೆಯಿರಿ ಸರ್’ ಅಂದೆ. ಅವರು ಮೇಲೆ ‘ಮದುವೆಗೆ ಆಕ್ಷೇಪಣೆ’ ಎಂದು ಬರೆದು ಗೆರೆ ಎಳೆದರು. ಅದರ ಕೆಳಗೆ, ‘ಈ ಮೂಲಕ ತಿಳಿಸುವುದೇನೆಂದರೆ, ನನ್ನ ತಾಯಿಯವರು’ ಎಂದು ಬರೆದು ಪೆನ್ನು ಎತ್ತಿದರು.

‘ಹೇಳಿ. ನಿಮ್ಮ ತಾಯಿಯವರು?’

ಜ್ವರ ಬಂದಾಗ ಅಮ್ಮನನ್ನು ಕೂಗಿದ ಭಾಷೆಯಲ್ಲೇ ಅಮ್ಮನಿಗೆ ಬುದ್ಧಿ ನೆಟ್ಟಗಿಲ್ಲ ಎನ್ನಬೇಕಿತ್ತು. ಫ್ಯಾನು ತಿರುಗುತ್ತಿತ್ತು. ಅವರು ಅವಸರ ಮಾಡಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಆ ಒಂದು ಸಾಲಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಕೊನೆಗೆ ಅವರೇ ಅಂದರು: ‘ಸಹಿ ಆಗದಿದ್ರೆ ಇದು ಅರ್ಜಿ ಅಲ್ಲಮ್ಮ, ಬರೀ ಹಾಳೆ.’ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ‘ತಂದೆಯವರ ಮರಣ ಪ್ರಮಾಣಪತ್ರ, ಒಂದು ಪ್ರತಿ’ ಎಂದು ಬರೆದು ನನಗೆ ಕೊಟ್ಟರು. ‘ಇದಿಲ್ಲದೆ ಮೂವತ್ತು ದಿನ ಕಳೆದ್ರೂ ನಾನು ಮದುವೆ ಪುಸ್ತಕ ತೆಗೆಯೋ ಹಾಗಿಲ್ಲ. ಮಗಳ ಹತ್ರ ಇದೆ, ಹುಡುಕ್ತಾ ಇದ್ದಾಳೆ ಅಂದ್ರು ನಿಮ್ಮ ತಾಯಿ.’

ನಾನು ಹುಡುಕುತ್ತಿರಲಿಲ್ಲ. ಅದು ನನ್ನ ಬೀರುವಿನ ಮೇಲಿನ ಖಾನೆಯಲ್ಲೇ ಇತ್ತು. ನನ್ನ ನಿಜವಾದ ಆಕ್ಷೇಪಣೆ ಅದೇ ಆಗಿತ್ತು, ಸಭಿಕರೇ. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಮರುದಿನವೇ ಅದನ್ನು ಅಮ್ಮನ ಕೈಗಿಟ್ಟೆ. ಮೂವತ್ತೊಂದನೆಯ ದಿನ ಮದುವೆಯಾಯಿತು. ಹೋದ ವರ್ಷ ಗಡಿಯಾರದವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ, ‘ರೋಗಿಗೆ ಏನಾಗಬೇಕು’ ಎಂಬಲ್ಲಿ ಅಮ್ಮ ‘ಹೆಂಡತಿ’ ಎಂದು ಬರೆದು ಸಹಿ ಹಾಕಿ ಒಳಗೆ ಹೋದಳು. ಆರು ಗಂಟೆ ಹೊರಗೆ ಕೂತವಳು ನಾನು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಹೋದ ವಾರ ಈ ಭಾಷಣದ ವಿಷಯ ತಿಳಿಸಿದಾಗ ಅಮ್ಮ ತನ್ನ ಫೈಲಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. ಆ ಹಾಳೆಯೇ. ಅಂದು ಗಾಬರಿಯಲ್ಲಿ ಪ್ರಮಾಣಪತ್ರವನ್ನು ಅದರಲ್ಲೇ ಮಡಚಿ ಕೊಟ್ಟುಬಿಟ್ಟಿದ್ದೆ! ಹಾಗಾದರೆ ನಾಲ್ಕು ವರ್ಷದಿಂದ ಅವಳಿಗೆ ಗೊತ್ತಿತ್ತು. ಪ್ರತಿ ಭಾನುವಾರ ನನಗೆ ಊಟ ಬಡಿಸುವಾಗಲೂ ಗೊತ್ತಿತ್ತು.

‘ಬೇಜಾರಾಗಲಿಲ್ವಾ ಅಮ್ಮ?’

‘ಆಗದೆ ಏನು? ಆದ್ರೆ ಅರ್ಧಕ್ಕೆ ನಿಲ್ಲಿಸಿದ್ಯಲ್ಲ. ಅದಕ್ಕೇ ಇಟ್ಕೊಂಡೆ. ಉಳಿದದ್ದು ನೀನೇ ತುಂಬು, ನಿನ್ನ ಅಕ್ಷರ ಹೇಗಾದರೂ ಇರಲಿ.’

ಹೆಡ್ ಕ್ಲರ್ಕ್ ಅವರೇ, ಆ ಹಾಳೆ ಇಲ್ಲಿದೆ. ನಿಮ್ಮ ಸಾಲಿನ ಮುಂದೆ ಈಗಷ್ಟೇ, ಇಲ್ಲೇ ಕೂತು ನಾನೇ ಬರೆದಿದ್ದೇನೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ‘ಈ ಮೂಲಕ ತಿಳಿಸುವುದೇನೆಂದರೆ, ನನ್ನ ತಾಯಿಯವರು ಮೂರನೆಯ ಸಾಲಿನಲ್ಲಿ ತಮ್ಮ ಗಂಡನ ಪಕ್ಕದಲ್ಲಿ ಕೂತಿದ್ದಾರೆ. ನನ್ನ ಆಕ್ಷೇಪಣೆ ಏನೂ ಇಲ್ಲ.’ ಕೆಳಗೆ ಸಹಿ ಇದೆ. ಇನ್ನು ಇದು ಬರೀ ಹಾಳೆಯಲ್ಲ, ದಯವಿಟ್ಟು ಸ್ವೀಕರಿಸಬೇಕು.

ಅಂದು ಪೆನ್ನು ಎತ್ತಿ ಹಿಡಿದು ಕಾದ ನಿಮಗೆ, ನಾಲ್ಕು ವರ್ಷ ಕಾದ ಅಮ್ಮನಿಗೆ, ಐದು ನಿಮಿಷ ಮೀರಿದರೂ ಗಡಿಯಾರ ನೋಡದ ಗಡಿಯಾರದವರಿಗೆ, ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರ.