ಮೋಡದ ಹುಣ್ಣಿಮೆಯ ಕಂದೀಲು

ಮಳೆ ಮಧ್ಯಾಹ್ನದಿಂದಲೇ ಹಿಡಿದಿತ್ತು. ಸೇನ್ ನದಿಯ ಆಚೆ ದಡಕ್ಕೆ ಹೋಗಬೇಕಾದವರು ಕೊನೆಯ ದೋಣಿ ಬರುವ ತನಕ ನಿಲ್ಲುವುದೆಲ್ಲಿ? ವಾಲ್ಬ್ರೆ ಪಟ್ಟಣದ ದೋಣಿಗಟ್ಟೆಯ ಮೇಲೆ ಬಾಗಿಲು ತೆರೆದಿದ್ದುದು ಕೊಬ್ಬಿನ ಬತ್ತಿ ಮಾಡಿ ಮಾರುವ ಮುದುಕಿ ಪೆರೊನೆಲ್‌ಳ ಅಂಗಡಿಯೊಂದೇ. ಕರಗಿದ ಕೊಬ್ಬಿನ ವಾಸನೆಯ ನಡುವೆ ಮೂವರು ಬೆಂಕಿಗೆ ಕಾಲು ಚಾಚಿ ಕುಳಿತಿದ್ದರು. ಚರ್ಮ ಹದಮಾಡುವ ಗಾಸ್ಪಾರ್, ಅವನ ಹೆಂಡತಿ ಬ್ಲಾಂಡಿನ್, ಮತ್ತೆ ಪರವೂರಿನ ನೇಕಾರ ಆಂಬ್ರ್ವಾಜ್.

"ಸಂಜೆ ಆಯ್ತು, ಬೀದೀಲಿ ಒಂದು ದೀಪಾನೂ ಹಚ್ಚಿಲ್ವಲ್ಲ ಅಜ್ಜಿ?" ಎಂದು ಆಂಬ್ರ್ವಾಜ್ ಕೇಳಿದ.

"ಇವತ್ತು ಹುಣ್ಣಿಮೆ ಕಣಪ್ಪ. ಹುಣ್ಣಿಮೆ ದಿನ ನಮ್ಮೂರಲ್ಲಿ ದೀಪ ಹಚ್ಚಲ್ಲ."

"ಇಂಥ ಮೋಡದಲ್ಲೂ?"

ಗಾಸ್ಪಾರ್ ಗಹಗಹಿಸಿ ನಕ್ಕ. ಮುದುಕಿ ನಗಲಿಲ್ಲ. ಬತ್ತಿ ಅದ್ದುತ್ತಿದ್ದ ಕೋಲನ್ನು ಬದಿಗಿಟ್ಟು, ಸೊಂಟ ಹಿಡಿದುಕೊಂಡು ಕುಳಿತಳು.

"ನಗಪ್ಪ, ನಗು. ನಿಂಗೇನು, ಚರ್ಮದೋನು, ನಿಂದೂ ದಪ್ಪ... ಈ ಕಾನೂನು ಮಾಡಿದೋನ ಕತೆ ಹೇಳ್ತೀನಿ, ಕೇಳಿ. ಹೇಳಿ ಹೇಳಿ ನಂಗೂ ಸಾಕಾಗಿದೆ, ಆದ್ರೂ ಹೇಳ್ತೀನಿ.

"ಆಗ ಈ ಊರಲ್ಲಿ ಕತ್ತಲಾದ್ಮೇಲೆ ಹೊರಗೆ ಹೋದೋರು ಬೆಳಿಗ್ಗೆ ಜೀವಸಹಿತ ಸಿಕ್ಕಿದ್ರೆ ಅದೇ ಪುಣ್ಯ. ಪೊಲೀಸು ಅಂದ್ರೆ ಏನು ಅಂತ್ಲೇ ಯಾರಿಗೂ ಗೊತ್ತಿರಲಿಲ್ಲ. ಒಂದಿನ ರಾಜ ಒಬ್ಬನ್ನ ಕಳಿಸ್ದ, ಇವತ್ತಿಂದ ಇವನೇ ನಿಮ್ಮ ಪೊಲೀಸ್ ಮುಖ್ಯಸ್ಥ ಅಂತ. ಗಿಸ್ಲೆನ್ ಮೊರ್ವಾಲ್ ಅಂತ ಹೆಸರು, ಒಣಕಲು ಮನುಷ್ಯ. ನಮ್ಮಜ್ಜಿ ಅವನ ಮನೇಲಿ ಅಡುಗೆಗಿದ್ಳು. ರೊಟ್ಟಿ ಬಾಯಿಗಿಟ್ಕೊಂಡೇ ನಿದ್ದೆಗೆ ಜಾರ್ತಿದ್ನಂತೆ. ಯಾಕಂತೀರಾ? ಮೊದಲನೆಯೋನಲ್ವಾ! ಕಳ್ಳನ್ನ ಹಿಡಿಯೋದೂ ಅವನೇ, ಕಸ ಗುಡಿಸೋದೂ ಅವನೇ, ರೊಟ್ಟಿ ಅಂಗಡಿ ತಕ್ಕಡಿ ನೋಡೋದೂ ಅವನೇ, ಗಂಡ ಹೆಂಡ್ತಿ ಕಿತ್ತಾಡಿದ್ರೂ ಅವನ ಬಾಗಿಲಿಗೇ... ಒಬ್ಬನ ತಲೆ ಮೇಲೆ ಇಡೀ ಊರು.

"ಅವನೇ ಬೀದಿ ಬೀದೀಲಿ ಹಗ್ಗ ಎಳೆಸಿ ಕಂದೀಲು ತೂಗಿಸ್ದ. ಹಚ್ಚೋದು ಬೀದಿಯೋರೇ, ಸರದಿ ಮೇಲೆ. ಜನ ಬಾಯಿಗೆ ಬಂದಂಗೆ ಬೈದ್ರು, ಆದ್ರೆ ಕೊಲೆ ನಿಂತ್ವು, ಅದನ್ನ ಒಪ್ಕೋಬೇಕು. ಕಂದೀಲು ಇಳಿಸೋ ಹಗ್ಗದ ತುದಿ ಒಂದು ಪೆಟ್ಟಿಗೇಲಿ, ಆ ಪೆಟ್ಟಿಗೆಗೊಂದು ಬೀಗ. ಬೆಳದಿಂಗಳ ದಿನ ಕೊಬ್ಬು ಸುಡೋದ್ಯಾಕೆ ಅಂತ ಪಂಚಾಂಗ ನೋಡಿ ಬೀಗದಕೈಯೆಲ್ಲ ತನ್ನ ಮನೇಲಿ ಇಟ್ಕೊಳೋನು. ತಪ್ಪೇನಿದೆ ಹೇಳಿ? ಲೆಕ್ಕ ಸರಿಯಾಗೇ ಇತ್ತು... ಮೋಡಕ್ಕೆ ಪಂಚಾಂಗ ಓದೋಕೆ ಬರಲ್ಲ, ಅಷ್ಟೆ.

"ಒಂದು ಹುಣ್ಣಿಮೆ ಸಂಜೆ, ಹೀಗೇ ಮಳೆ. ಈ ದೋಣಿಗಟ್ಟೆಯ ದೀಪದ ಸರದಿ ವಿಧವೆ ಒದಿಲ್‌ದು. ಅವಳ ಒಬ್ಬಳೇ ಮಗಳು ಸಿಬಿಲ್ ಆಚೆ ದಡದಲ್ಲಿ ಕಸೂತಿ ಕೆಲಸಕ್ಕೆ ಹೋಗೋಳು, ಕೊನೇ ದೋಣೀಲಿ ಬರ್ಬೇಕು. ಒದಿಲ್ ನೆಂದ್ಕೊಂಡು ಮೊರ್ವಾಲ್ ಬಾಗಿಲು ಬಡಿದ್ಳು.

"'ಸ್ವಾಮಿ, ಬೀಗದಕೈ ಕೊಡಿ. ದೋಣಿಗಟ್ಟೆ ಮೆಟ್ಟಿಲು ಪಾಚಿ ಕಟ್ಟಿದೆ, ಕೈಬತ್ತಿ ಈ ಗಾಳಿಗೆ ನಿಲ್ತಾ ಇಲ್ಲ.'

"'ಇವತ್ತು ಬೆಳದಿಂಗಳಮ್ಮ.'

"'ಎಲ್ಲಿದೆ ಬೆಳದಿಂಗಳು? ಆಕಾಶದಲ್ಲಂತೂ ಇಲ್ಲ. ನಿಮ್ಮ ಪಂಚಾಂಗದೊಳಗಿದ್ರೆ ಸ್ವಲ್ಪ ಹೊರಗೆ ಬಿಡಿ!'

"ಅಡುಗೆಮನೇಲಿ ನಮ್ಮಜ್ಜಿ ಕಿಸಕ್ಕನೆ ನಕ್ಕಳಂತೆ. ಅವನಿಗೆ ನಗು ಎಲ್ಲಿಂದ ಬರ್ಬೇಕು? 'ನಿಂಗೊಬ್ಬಳಿಗೆ ಕೊಟ್ರೆ ನಾಳೆ ಊರೆಲ್ಲ ಬಾಗಿಲಿಗೆ ಬರುತ್ತೆ. ನಂಗೂ ಒಂದು ನಿದ್ದೆ ಬೇಡ್ವಾ? ಹೋಗಮ್ಮ' ಅಂತ ಬಾಗಿಲು ಹಾಕ್ಕೊಂಡ. ಚೆನ್ನಾಗಿ ನಿದ್ದೆ ಮಾಡ್ದ, ಗೊರಕೆ ಹೊಡೆದು. ಅವನ ನೆಮ್ಮದಿಯ ಕೊನೇ ನಿದ್ದೆ ಅದು... ಹುಡುಗಿ ದೋಣಿ ಇಳಿದು ಕತ್ತಲಲ್ಲಿ ಕಾಲಿಟ್ಳು, ಮೆಟ್ಟಿಲು ಸಿಗಲಿಲ್ಲ. ನೀರು ಸಿಕ್ತು."

ಬ್ಲಾಂಡಿನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಹಾಕ್ಕೊ ತಾಯಿ, ಒಳ್ಳೇದು. ಮತ್ತೊಂದು ಮೋಡದ ಹುಣ್ಣಿಮೆ ಬಂತು. ಸಂಜೆಗೆ ಬಾಗಿಲು ಬಡಿದ ಸದ್ದು. ಅಜ್ಜಿ ತೆಗೆದು ನೋಡಿದ್ರೆ ಯಾರೂ ಇಲ್ಲ, ಹೊಸಿಲು ಮಾತ್ರ ನೆಂದಿದೆ. ಅವನಿಗೆ ಮಾತ್ರ ಸಿಬಿಲ್ ಕಾಣ್ತಿದ್ಳು. 'ಮೆಟ್ಟಿಲು ಕಾಣ್ತಿಲ್ಲ ಸ್ವಾಮಿ, ಸ್ವಲ್ಪ ಬೆಳಕು ಹಿಡೀತೀರಾ' ಅಂತಾಳಂತೆ, ಮರ್ಯಾದೆಯಾಗಿ. ಬೈದಿದ್ರೆ ಎಷ್ಟೋ ವಾಸಿಯಿತ್ತು. ಟೋಪಿ ಕೂಡ ಇಲ್ದೆ ಕಂದೀಲು ತಗೊಂಡು ಓಡ್ದ. ಅವನು ಬೆಳಕು ಹಿಡೀತಾನೆ, ಅವಳು ಹತ್ತುತಾಳೆ... ಕೊನೇ ಮೆಟ್ಟಿಲು ಬಂತು ಅನ್ನೋ ಹೊತ್ತಿಗೆ ಮತ್ತೆ ಕೆಳಗೇ ನೀರಲ್ಲಿ ನಿಂತಿರ್ತಾಳೆ. ಬೆಳಗಾಗೋ ತನಕ ಇದೇ. ಗೂಟಕ್ಕೆ ನೇತುಹಾಕಿದ್ರೆ ಬೆಳಕು ಆರಿಹೋಗೋದು, ಹುಡುಗಿ ಅಳೋದು. ಮನುಷ್ಯರ ಕೈಯಲ್ಲೇ ಇರ್ಬೇಕು ಆ ದೀಪ.

"ಕಾವಲುಗಾರರಿಗೆ ಹಿಡೀರಿ ಅಂದ, ಒಬ್ಬನೂ ಹತ್ರ ಬರಲಿಲ್ಲ. ಪಾದ್ರಿಯ ಕಾಲು ಹಿಡಿದ, ಅವರೂ ಆಗಲ್ಲಪ್ಪ ಅಂದ್ರು. ಕೊನೆಗೆ ಒದಿಲ್ ಮುಂದೆ ಮೊಣಕಾಲೂರಿದ. ಅವಳು ಏನಂದ್ಳು ಗೊತ್ತಾ? 'ದೀಪ ಯಾಕೆ ಸ್ವಾಮಿ, ಇವತ್ತು ಬೆಳದಿಂಗಳಲ್ವಾ?' ಅಂದು ಬಾಗಿಲು ಹಾಕ್ಕೊಂಡ್ಳು. ಊರು ಬಿಟ್ಟೇ ಹೋದ್ಳು. ಮಾಡಿದ್ದುಣ್ಣೋ ಮಹರಾಯ... ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಸತ್ತು ಕೂತಿದ್ದ. ಕೈ ಎತ್ತಿದ್ದು ಎತ್ತಿದ ಹಾಗೇ. ಮಡಿಸೋಕಾಗ್ದೆ ಹೆಣದ ಪೆಟ್ಟಿಗೆ ಮುಚ್ಚಳಕ್ಕೆ ತೂತು ಕೊರೆದ್ರಂತೆ. ಹೂತ ಮೇಲಾದ್ರೂ ಬಿಡುಗಡೆ ಆಯ್ತಾ? ಎಲ್ಲಿಂದ! ಮೋಡದ ಹುಣ್ಣಿಮೆ ಬಂದ್ರೆ ಅಲ್ಲೇ, ಅದೇ ಕಂದೀಲು."

"ಅಯ್ಯೋ ಪಾಪ," ಎಂದ ಆಂಬ್ರ್ವಾಜ್. "ಯಾರಾದ್ರೂ ಒಂದು ಗಳಿಗೆ ದೀಪ ಇಸ್ಕೊಂಡು ಕೂರಿಸ್ಬಾರದಿತ್ತಾ ಆ ಮನುಷ್ಯನ್ನ?"

ಮುದುಕಿ ಅವನನ್ನೇ ನೋಡಿದಳು.

"ಇಸ್ಕೊಂಡ್ರಪ್ಪ. ನನ್ನ ಗಂಡ ತಿಬೋ ಇಸ್ಕೊಂಡ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಿನ್ನಂಥೋನೇ ಅವನೂ, ಕರುಳು ಮೆತ್ತಗೆ. ಒಂದು ಮೋಡದ ಹುಣ್ಣಿಮೆ, ದೋಣಿಯೋರಿಗೆ ಬತ್ತಿ ಕೊಟ್ಟು ಬರೋಕೆ ಕೆಳಗಿಳಿದೋನು, 'ಕೈ ಸೋತಿದೆ, ಕೂತ್ಕೊಳಿ ಯಜಮಾನ್ರೇ' ಅಂದ. ನಾನು ಇದೇ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಮೊರ್ವಾಲ್ ನನ್ನ ಮುಂದೇನೇ ಹಾದು ಹೋದ, ಕೈ ಬೀಸ್ಕೊಂಡು, ಕೆಲಸ ಮುಗಿಸಿ ಮನೆಗೆ ಹೋಗೋರ ಥರ. ಮತ್ತೆ ಅವನು ಯಾರಿಗೂ ಕಾಣಲಿಲ್ಲ. ತಿಬೋ ಬೆಳಿಗ್ಗೆ ಮೆಟ್ಟಿಲ ಮೇಲೆ ತಣ್ಣಗಾಗಿದ್ದ... ಆವಾಗಿಂದ ದೀಪ ಅವನ ಕೈಲಿದೆ. ನಾನು ಹೋಗಿ ಇಸ್ಕೊಳೋಣ ಅಂದ್ರೆ ನನಗೆ ಬೆಳಕು ಮಾತ್ರ ಕಾಣುತ್ತೆ, ಅವನು ಕಾಣಲ್ಲ. ಎಷ್ಟು ಸಲ ಕತ್ತಲಲ್ಲಿ ಕೈಯಾಡಿಸಿದೀನೋ ಆ ದೇವರಿಗೇ ಗೊತ್ತು."

ಕೆಳಗೆ ದೋಣಿಯ ಗಂಟೆ ಮೊಳಗಿತು. ಗಾಸ್ಪಾರ್ ಹೆಂಡತಿಯ ಕೈ ಹಿಡಿದೆದ್ದ. "ನಾವು ಸೇತುವೆ ಕಡೆಯಿಂದ ಸುತ್ತಿ ಹೋಗ್ತೀವಿ. ಬರ್ತೀಯೇನಯ್ಯ?" ಎಂದ. ಆಂಬ್ರ್ವಾಜ್ ಇಲ್ಲವೆಂದು ತಲೆಯಾಡಿಸಿದ. ಅವನ ಊರು ಆಚೆ ದಡದ ದೋಣಿಗಟ್ಟೆಯ ಪಕ್ಕದಲ್ಲೇ ಇತ್ತು, ಸೇತುವೆ ತುಂಬಾ ದೂರ. ಅವರಿಬ್ಬರೂ ಹೋದರು.

"ಅಜ್ಜಿ, ನಿಮ್ಮ ಯಜಮಾನ್ರು ಇವತ್ತೂ ಇರ್ತಾರಾ?"

"ನೀನೇ ನೋಡು, ಮೆಟ್ಟಿಲ ಕಡೆ ಬೆಳಕಿದ್ಯಲ್ಲ. ಕಾಲು ನೋಡ್ಕೊಂಡು ಇಳಿ. ಅವನು ಬಾಯಿಬಿಟ್ಟು ಕೇಳೋನಲ್ಲಪ್ಪ, ಸಂಕೋಚದೋನು. ಕಂದೀಲನ್ನ ಈ ಕೈಯಿಂದ ಆ ಕೈಗೆ ಬದಲಾಯಿಸ್ತಾನೆ, ಅಷ್ಟೆ. ನೀನು ಮಾತ್ರ ಕೈ ಚಾಚ್ಬೇಡ... ಹಾಗಂತ ಹೇಳೋದು ನನ್ನ ಧರ್ಮ. ಹೇಳಿದೀನಿ, ಅಲ್ವಾ? ಆ ದೇವರಾಣೆಗೂ ಹೇಳಿದೀನಿ. ಹೋಗಿ ಬಾ ಮಗನೇ... ಈ ಬಾಗಿಲು ಹಾಕ್ಬೇಡ, ಹಾಗೇ ತೆರೆದಿರ್ಲಿ. ಒಲೆ ಮೇಲೆ ಈರುಳ್ಳಿ ಸಾರು ಬಿಸಿಯಾಗಿಟ್ಟಿದೀನಿ, ನನ್ನ ಗಂಡನಿಗೆ."